ಡಿಎಸ್‌ಸಿ ಟೋಕನ್ ಬೆಳಿಗ್ಗೆ ಮಾತ್ರ ಕಾಣಿಸ್ತಿಲ್ಲ (ಪೈ 4, ಯುಎಸ್‌ಬಿ/ಐಪಿ)

ಬೆಣ್ಣೆನಗರಿ:
ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ, ಯಾರಾದರೂ ದಾರಿ ತೋರಿಸಿ. ನನ್ನ ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರುವ ಯುಎಸ್‌ಬಿ ಕಡ್ಡಿ) ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿಗೆ ಹಾಕಿದ್ದೇನೆ. ಯುಎಸ್‌ಬಿ/ಐಪಿ (ಯುಎಸ್‌ಬಿ ಸಾಧನವನ್ನು ನೆಟ್‌ವರ್ಕ್ ಮೂಲಕ ಬಳಸುವ ವಿಧಾನ) ಮೂಲಕ ಆಫೀಸ್ ಕಂಪ್ಯೂಟರ್‌ನಿಂದ ಅಟ್ಯಾಚ್ ಮಾಡಿಕೊಂಡು ಸಹಿ ಹಾಕುತ್ತೇನೆ. ಸಂಜೆವರೆಗೂ ಏನೂ ತೊಂದರೆ ಇಲ್ಲ. ಬೆಳಿಗ್ಗೆ ಬಂದು ನೋಡಿದರೆ ಪೈ ಕೊಡುವ ಸಾಧನಗಳ ಲಿಸ್ಟ್ ಖಾಲಿ! ಪೈ ರೀಸ್ಟಾರ್ಟ್ ಮಾಡಿ, ಮತ್ತೆ ಬೈಂಡ್ (ಟೋಕನ್ನನ್ನು ಹಂಚಿಕೆಗೆ ಬಿಡುವ ಕಮಾಂಡ್) ಕೊಟ್ಟರೆ ಬರುತ್ತದೆ. 20ನೇ ತಾರೀಖಿನೊಳಗೆ ಜಿಎಸ್‌ಟಿಯ 3ಬಿ ರಿಟರ್ನ್ ಹಾಕಬೇಕು.

ಸೋಲ್ಡರ್ ಕೈ:
ಪಕ್ಕಾ ಪವರ್ ಸಮಸ್ಯೆ. ಮೊಬೈಲ್ ಚಾರ್ಜರ್ ಹಾಕಿದ್ದೀರಾ? ಪೈ 4ಕ್ಕೆ 5.1 ವೋಲ್ಟ್, 3 ಆಂಪ್ ಅಡಾಪ್ಟರ್ರೇ ಬೇಕು. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತೆ ಅಂದ್ರೆ ಅದೇ.

ಮಲೆನಾಡ್ ಪೆಂಗ್ವಿನ್:
ಆಫೀಸ್ ಕಂಪ್ಯೂಟರ್ ವಿಂಡೋಸಾ, ಲಿನಕ್ಸಾ? ಅದನ್ನೇ ಹೇಳಿಲ್ಲವಲ್ಲ ಸರ್.

ಬೆಣ್ಣೆನಗರಿ:
ವಿಂಡೋಸ್ 11. ಪೈ ಜೊತೆ ಬಂದ ಅಡಾಪ್ಟರ್ರೇ ಇದೆ.

ಕರಾವಳಿ ಲ್ಯಾಬ್:
ವಿಂಡೋಸ್ ಆದರೆ ಯುಎಸ್‌ಬಿಐಪಿಡಿ-ವಿನ್ ಹಾಕಿ, ಸುಲಭ.

ಮಲೆನಾಡ್ ಪೆಂಗ್ವಿನ್:
ಅದು ವಿಂಡೋಸ್‌ಗೆ ಹಾಕಿರುವ ಸಾಧನವನ್ನು ಬೇರೆಯವರಿಗೆ ಕೊಡೋಕೆ. ಇವರಿಗೆ ತೆಗೆದುಕೊಳ್ಳುವುದು ಬೇಕು, ಅದಕ್ಕೆ ಯುಎಸ್‌ಬಿಐಪಿ-ವಿನ್2. ಹೆಸರು ಒಂದೇ ಥರ ಇದೆ, ಕೆಲಸ ಉಲ್ಟಾ.

ಸೋಲ್ಡರ್ ಕೈ:
ಸಾಫ್ಟ್‌ವೇರ್ ಬಿಡಿ. ಪವರ್ ಇರುವ ಹಬ್ ತಗೊಂಡು ನೋಡಿ.

ಬೆಣ್ಣೆನಗರಿ:
ಹಬ್ ತಂದು ಹಾಕಿದೆ. ಇವತ್ತು ಬೆಳಿಗ್ಗೆಯೂ ಲಿಸ್ಟ್ ಖಾಲಿ. ಪೈಗೆ ಪವರ್ ಕಡಿಮೆಯಾಗಿತ್ತಾ ಅಂತ ತೋರಿಸುವ ಥ್ರಾಟಲ್ಡ್ ಕಮಾಂಡ್ ಕೊಟ್ಟೆ, ಸೊನ್ನೆ ಬಂತು.

ಸೋಲ್ಡರ್ ಕೈ:
ಕೇಬಲ್ ಬದಲಿಸಿ. ತೆಳು ಕೇಬಲ್‌ನಲ್ಲಿ ವೋಲ್ಟೇಜ್ ಇಳಿಯುತ್ತೆ.

ಮಲೆನಾಡ್ ಪೆಂಗ್ವಿನ್:
ಸೊನ್ನೆ ಅಂದರೆ ಬೂಟ್ ಆದಾಗಿನಿಂದ ಒಮ್ಮೆಯೂ ವೋಲ್ಟೇಜ್ ಇಳಿದಿಲ್ಲ. ಟೋಕನ್ ಎಳೆಯುವ ಕರೆಂಟಾದರೂ ಎಷ್ಟು?

ಹುಬ್ಬಳ್ಳಿ ಆಡಿಟ್:
ಎಲ್ಲಕ್ಕಿಂತ ಮೊದಲು, ಡಿಎಸ್‌ಸಿಯನ್ನು ನೆಟ್‌ವರ್ಕ್‌ನಲ್ಲಿ ಬಿಡುವುದೇ ತಪ್ಪು. ಯುಎಸ್‌ಬಿ/ಐಪಿಯಲ್ಲಿ ಪಾಸ್‌ವರ್ಡೂ ಇಲ್ಲ, ಎನ್‌ಕ್ರಿಪ್ಷನ್ನೂ ಇಲ್ಲ. ಒಳಗಿರುವ ಯಾರು ಬೇಕಾದರೂ ಎಳೆದುಕೊಳ್ಳಬಹುದು.

ಬೆಣ್ಣೆನಗರಿ:
ಟೋಕನ್ ನನ್ನದೇ, ಪಿನ್ ನನಗೊಬ್ಬನಿಗೇ ಗೊತ್ತು. ನಾನು ಕೇಳಿದ್ದು ಬೇರೆ.

ಹುಬ್ಬಳ್ಳಿ ಆಡಿಟ್:
ಪಿನ್ ಕೂಡ ಅದೇ ತಂತಿಯಲ್ಲಿ ಹೋಗಬಹುದು ಸರ್. ಕಡೇಪಕ್ಷ ಪೈನ ಫೈರ್‌ವಾಲ್‌ನಲ್ಲಿ ಯುಎಸ್‌ಬಿ/ಐಪಿ ಬಳಸುವ 3240 ಪೋರ್ಟನ್ನು ನಿಮ್ಮ ಐಪಿಗೆ ಮಾತ್ರ ಬಿಡಿ. ಎಸ್‌ಎಸ್‌ಎಚ್ ಟನಲ್ (ಎನ್‌ಕ್ರಿಪ್ಟ್ ಆದ ದಾರಿ) ಆದರೆ ಇನ್ನೂ ಒಳ್ಳೆಯದು.

ಕರಾವಳಿ ಲ್ಯಾಬ್:
ನಾನು ಅದಕ್ಕೇ ಬೇರೆ ವಿಎಲ್ಯಾನ್ (ನೆಟ್‌ವರ್ಕ್‌ನ ಪ್ರತ್ಯೇಕ ಭಾಗ) ಮಾಡಿದ್ದೇನೆ. ಮಂಗಳೂರಿನ ಮನೆಯಲ್ಲಿ ಹಳೆಯ ಬೀರುವೇ ನನ್ನ ರ್‍ಯಾಕ್. ಎರಡು ಪೈ, ಒಂದು ಮಿನಿ ಪಿಸಿ, ಸ್ಕ್ಯಾನರ್, ಎರಡು ಡಾಂಗಲ್, ಎಲ್ಲಾ ಅದರೊಳಗೆ. ಎಲ್ಲಾ ಕಡೆ ಕೇಬಲ್, ವೈಫೈ ಇಲ್ಲವೇ ಇಲ್ಲ. ಮಳೆಗಾಲಕ್ಕೆ ಸಿಲಿಕಾ ಜೆಲ್ ಇಡುತ್ತೇನೆ.

ಸೋಲ್ಡರ್ ಕೈ:
ಬೀರುವಿಗೆ ಫ್ಯಾನ್ ಹಾಕಿದ್ದೀರಾ? ಫೋಟೋ ಕಳಿಸಿ.

ಮಲೆನಾಡ್ ಪೆಂಗ್ವಿನ್:
ಬೆಣ್ಣೆನಗರಿಯವರೇ, ನಾಳೆ ಬೆಳಿಗ್ಗೆ ರೀಸ್ಟಾರ್ಟ್ ಮಾಡಬೇಡಿ. ಪೈನಲ್ಲಿ ಯುಎಸ್‌ಬಿಐಪಿ-ಹೋಸ್ಟ್ ಡ್ರೈವರ್ ಫೋಲ್ಡರಿನೊಳಗೆ, ನಿಮ್ಮ ಟೋಕನ್ನಿನ ಬಸ್ ಐಡಿ (ಅದು ಇರುವ ಯುಎಸ್‌ಬಿ ಜಾಗದ ಗುರುತು) ಕೆಳಗೆ, ಯುಎಸ್‌ಬಿಐಪಿ ಸ್ಟೇಟಸ್ ಅಂತ ಫೈಲ್ ಇದೆ. ಅದನ್ನು ಓದಿ. 1 ಬಂದರೆ ಖಾಲಿ ಇದೆ, 2 ಬಂದರೆ ಯಾರೋ ಹಿಡಿದಿದ್ದಾರೆ, 3 ಬಂದರೆ ದೋಷ.

ಬೆಣ್ಣೆನಗರಿ:
2 ಬಂತು. ಆದರೆ ಆಫೀಸ್ ಕಂಪ್ಯೂಟರ್ ಆಗಷ್ಟೇ ಆನ್ ಮಾಡಿದ್ದೆ. ಮೇಲಿನ ಲ್ಯಾಪ್‌ಟಾಪ್ ಮುಚ್ಚಿಯೇ ಇತ್ತು.

ಮಲೆನಾಡ್ ಪೆಂಗ್ವಿನ್:
ಮೇಲಿನ ಲ್ಯಾಪ್‌ಟಾಪ್?

ಬೆಣ್ಣೆನಗರಿ:
ಮನೆ ಆಫೀಸಿನ ಮೇಲೇ ಇದೆ. ರಾತ್ರಿ ಉಳಿದ ಬಿಲ್‌ಗಳಿಗೆ ಅಲ್ಲೇ ಕೂತು ಸಹಿ ಹಾಕುತ್ತೇನೆ. ಮುಗಿದ ಮೇಲೆ ಮುಚ್ಚಿ ಮಲಗುತ್ತೇನೆ.

ಮಲೆನಾಡ್ ಪೆಂಗ್ವಿನ್:
ಸಿಕ್ಕಿತು! ಒಂದು ಸಾಧನ ಒಂದು ಸಲಕ್ಕೆ ಒಂದೇ ಕಂಪ್ಯೂಟರಿಗೆ. ಡಿಟ್ಯಾಚ್ ಮಾಡದೆ ಮುಚ್ಚಿದರೆ ಲ್ಯಾಪ್‌ಟಾಪ್ ನಿದ್ದೆಗೆ ಹೋಗುತ್ತೆ, ಆದರೆ ಪೈಗೆ ಅದು ಗೊತ್ತಾಗಿಲ್ಲ. ಇನ್ನೂ ಹಿಡಿದಿದ್ದಾರೆ ಅಂತಲೇ ಲೆಕ್ಕ. ಹೊಸ ಆವೃತ್ತಿಗಳಲ್ಲಿ ಬಳಕೆಯಲ್ಲಿರುವ ಸಾಧನವನ್ನು ಲಿಸ್ಟ್‌ನಲ್ಲೇ ತೋರಿಸುವುದಿಲ್ಲ. ಅದಕ್ಕೇ ಖಾಲಿ. ಮುಚ್ಚುವ ಮೊದಲು ಡಿಟ್ಯಾಚ್ ಮಾಡಿ. ಮರೆತರೆ ಪೈನಲ್ಲಿ ಅನ್‌ಬೈಂಡ್, ಮತ್ತೆ ಬೈಂಡ್. ರೀಸ್ಟಾರ್ಟ್ ಬೇಡ.

ಬೆಣ್ಣೆನಗರಿ:
ಎರಡು ದಿನ ನೋಡಿದೆ. ಬೆಳಿಗ್ಗೆ ಬಂದ ಕೂಡಲೇ ಟೋಕನ್ ಸಿಗುತ್ತಿದೆ, 3ಬಿ ಹೋಯಿತು. ತುಂಬಾ ಥ್ಯಾಂಕ್ಸ್ ಸರ್. 3240 ಕೂಡ ಎರಡೇ ಐಪಿಗೆ ಬಿಟ್ಟಿದ್ದೇನೆ.

ಸೋಲ್ಡರ್ ಕೈ:
ಒಳ್ಳೆಯದಾಯಿತು. ಆದರೂ ಆ ಕೇಬಲ್ ಒಮ್ಮೆ ಬದಲಿಸಿ ನೋಡಿ.

ತುಮಕೂರು ಪ್ರಿಂಟ್ಸ್:
ನನ್ನದು ಪ್ರಿಂಟರ್. ಮೂರು ಕಂಪ್ಯೂಟರ್‌ಗೂ ಒಟ್ಟಿಗೇ ಬೇಕು. ಹೀಗೇ ಮಾಡಬಹುದಾ?

ಮಲೆನಾಡ್ ಪೆಂಗ್ವಿನ್:
ಬೇಡ, ಪ್ರಿಂಟರ್‌ಗೆ ಪೈನಲ್ಲಿ ಕಪ್ಸ್ (ಪ್ರಿಂಟರ್ ಹಂಚುವ ಸಾಫ್ಟ್‌ವೇರ್) ಹಾಕಿ. ಮೂರೂ ಕಡೆಯಿಂದ ಕಳಿಸಿದ್ದು ಸಾಲಾಗಿ ಪ್ರಿಂಟ್ ಆಗುತ್ತೆ. ಮಾಡೆಲ್ ಯಾವುದು?