ಪೇಜ್ ಫುಲ್ ಸ್ಕ್ರೀನ್ ಆಗುವುದು ಒಂದು ಬ್ರೌಸರ್‌ನಲ್ಲಿ ಸರಿ, ಇನ್ನೊಂದರಲ್ಲಿ ಯಾಕಿಲ್ಲ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಫ್ರಂಟ್ ಎಂಡ್ ಕೆಲಸ ಗೊತ್ತಿರುವವರು ದಯವಿಟ್ಟು ದಾರಿ ತೋರಿಸಿ. ಮಕ್ಕಳಿಗೆ ಒಂದು ಕ್ವಿಜ್ ಪೇಜ್ ಮಾಡುತ್ತಿದ್ದೇನೆ. ಪೇಜ್ ತೆರೆದ ಕೂಡಲೇ ತಾನಾಗಿಯೇ ಫುಲ್ ಸ್ಕ್ರೀನ್ ಆಗಲಿ ಅಂತ ಕೋಡ್ ಬರೆದೆ, ಎಲ್ಲೂ ಆಗಲಿಲ್ಲ. ಬಟನ್ ಇಟ್ಟ ಮೇಲೆ ಕ್ರೋಮ್, ಫೈರ್‌ಫಾಕ್ಸ್‌ನಲ್ಲಿ ಆಯಿತು. ಹಳೆಯ ಐಪ್ಯಾಡ್‌ನಲ್ಲಿ ಮತ್ತು ಐಫೋನ್‌ನಲ್ಲಿ ಬಟನ್ ಒತ್ತಿದರೂ ಏನೂ ಆಗುತ್ತಿಲ್ಲ. ಆದ ಕಡೆಯೂ ಹಿಂದೆಲ್ಲ ಕಪ್ಪಾಗಿ ಅಕ್ಷರವೇ ಕಾಣುವುದಿಲ್ಲ. ಎಲ್ಲ ಬ್ರೌಸರ್‌ಗೂ ಹೊಂದುವ ಒಂದೇ ಕೋಡ್ ಇದೆಯಾ?

ಉತ್ತರ: ತಾನಾಗಿ ಫುಲ್ ಸ್ಕ್ರೀನ್ ಮಾಡುವ ಆಸೆಯನ್ನು ಮೊದಲು ಬಿಟ್ಟುಬಿಡಿ. ಯಾವ ಬ್ರೌಸರ್ ಕೂಡ ಅದಕ್ಕೆ ಬಿಡುವುದಿಲ್ಲ, ಬಿಡಲೂಬಾರದು. ಪರದೆ ಪೂರ್ತಿ ಪೇಜ್‌ನ ಕೈಗೆ ಸಿಕ್ಕರೆ ಮೋಸಗಾರರು ಮೇಲೊಂದು ನಕಲಿ ಅಡ್ರೆಸ್ ಬಾರ್ ಬರೆದು, ಕೆಳಗೆ ಬ್ಯಾಂಕಿನ ಲಾಗಿನ್ ತೋರಿಸಬಹುದು. ಅದಕ್ಕೇ ಬಳಕೆದಾರರ ಕ್ಲಿಕ್ಕೋ ಕೀ ಒತ್ತುವುದೋ ಬೇಕು. ಫುಲ್ ಸ್ಕ್ರೀನ್ ಆದಾಗ ಹೊರಬರುವುದು ಹೇಗೆ ಅಂತ ಬ್ರೌಸರ್ರೇ ತೋರಿಸುವುದೂ ಇದೇ ಕಾರಣಕ್ಕೆ.

ಇಲ್ಲೊಂದು ಸೂಕ್ಷ್ಮ ಇದೆ. ಆ ಕ್ಲಿಕ್‌ನಿಂದ ಸಿಗುವ ಅನುಮತಿ ಸ್ವಲ್ಪ ಹೊತ್ತು ಮಾತ್ರ ಉಳಿಯುತ್ತದೆ. ಕ್ಲಿಕ್ ಆದ ಮೇಲೆ ಸರ್ವರ್‌ನಿಂದ ಪ್ರಶ್ನೆಗಳನ್ನು ತರಿಸಿ, ಅವು ಬಂದ ಮೇಲೆ ಫುಲ್ ಸ್ಕ್ರೀನ್ ಕೇಳಿದರೆ, ನೆಟ್ ನಿಧಾನ ಇರುವವರಿಗೆ ಕೆಲಸ ಮಾಡುವುದಿಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ ಸರಿಯಾಗಿ ಕಾಣುತ್ತದೆ. ಮೊದಲು ಫುಲ್ ಸ್ಕ್ರೀನ್ ಕೇಳುವ ಫಂಕ್ಷನ್ ಆದ ರಿಕ್ವೆಸ್ಟ್‌ಫುಲ್‌ಸ್ಕ್ರೀನ್ ಕರೆಯಿರಿ, ಆಮೇಲೆ ಡೇಟಾ ತರಿಸಿ.

ಐಪ್ಯಾಡ್ ವಿಷಯ. ಮೊದಲು ಪ್ರತಿ ಬ್ರೌಸರ್ ಈ ಫಂಕ್ಷನ್‌ಗೆ ತನ್ನದೇ ಹೆಸರು ಇಟ್ಟುಕೊಂಡಿತ್ತು. ವೆಬ್‌ಕಿಟ್, ಮೊಜ್, ಎಂಎಸ್ ಅಂತ ಮುಂದೆ ಸೇರಿಸಬೇಕಿತ್ತು. ಕ್ರೋಮ್ 71 ಮತ್ತು ಫೈರ್‌ಫಾಕ್ಸ್ 64 ಬಂದಾಗ, ಅಂದರೆ 2018ರ ಕೊನೆಯಲ್ಲಿ, ಅವೆರಡೂ ಪ್ರಿಫಿಕ್ಸ್ (ಹೀಗೆ ಮುಂದೆ ಸೇರಿಸುವ ತುಂಡು) ಇಲ್ಲದ ಹೆಸರಿಗೆ ಬಂದವು. ಸಫಾರಿ ಬಂದಿದ್ದು 2023ರಲ್ಲಿ, 16.4 ಆವೃತ್ತಿಯಿಂದ. ಹಾಗಾಗಿ ಈಗ ಎರಡು ಹೆಸರು ಸಾಕು: ಮೊದಲು ಪ್ರಮಾಣಿತ ಹೆಸರು ಇದೆಯಾ ನೋಡಿ, ಇಲ್ಲದಿದ್ದರೆ ವೆಬ್‌ಕಿಟ್ ಪ್ರಿಫಿಕ್ಸ್ ಇರುವುದನ್ನು ಕರೆಯಿರಿ. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗಾಗಿ ಕೋಡ್ ಉಳಿಸಿಕೊಳ್ಳುವ ಅಗತ್ಯವಿಲ್ಲ. ಬ್ರೌಸರ್ ಯಾವುದು ಅಂತ ಹೆಸರು ನೋಡಿ ತೀರ್ಮಾನ ಮಾಡಬೇಡಿ, ಫಂಕ್ಷನ್ ಇದೆಯಾ ಅಂತಷ್ಟೇ ನೋಡಿ. ಇನ್ನೊಂದು: ಹೊಸ ಫಂಕ್ಷನ್ ಪ್ರಾಮಿಸ್ (ಕೆಲಸ ಮುಗಿದ ಮೇಲೆ ಫಲಿತಾಂಶ ತಿಳಿಸುವ ವಸ್ತು) ಕೊಡುತ್ತದೆ, ಹಳೆಯ ಸಫಾರಿಯದು ಕೊಡುವುದಿಲ್ಲ. ಅದರ ಮುಂದೆ ನೇರವಾಗಿ, ಮುಂದಿನ ಕೆಲಸ ಹೇಳುವ ಡಾಟ್ ದೆನ್ ಹಾಕಿದರೆ ಅಲ್ಲೇ ಎರರ್ ಬರುತ್ತದೆ.

ಐಫೋನ್ ಬೇರೆಯೇ ಕಥೆ. ಅಲ್ಲಿ ವರ್ಷಗಟ್ಟಲೆ ವಿಡಿಯೊಗೆ ಮಾತ್ರ ಫುಲ್ ಸ್ಕ್ರೀನ್ ಸಿಗುತ್ತಿತ್ತು, ಡಿವ್‌ಗೆ (ಪೇಜ್‌ನ ಭಾಗಗಳನ್ನು ಹಿಡಿದಿಡುವ ಡಬ್ಬಿಯಂಥ ಟ್ಯಾಗ್) ಇಲ್ಲ. ಫುಲ್ ಸ್ಕ್ರೀನ್ ಆಗುತ್ತದಾ ಅಂತ ಹೇಳುವ, ಡಾಕ್ಯುಮೆಂಟ್‌ನ ಫುಲ್‌ಸ್ಕ್ರೀನ್‌ಎನೇಬಲ್ಡ್ ನೋಡಿ, ವೆಬ್‌ಕಿಟ್ ಹೆಸರಿನದೂ ಸೇರಿ. ಎರಡೂ ಇಲ್ಲ ಅಂದರೆ ಬಟನ್ ತೋರಿಸಲೇಬೇಡಿ. ಒತ್ತಿದರೆ ಏನೂ ಆಗದ ಬಟನ್ ಮಕ್ಕಳನ್ನು ಸುಮ್ನೆ ಗೊಂದಲಕ್ಕೆ ಹಾಕುತ್ತದೆ. ಅಂಥ ಕಡೆ ಕ್ವಿಜ್ ಡಬ್ಬಿಗೆ ಪೊಸಿಷನ್ ಫಿಕ್ಸ್ಡ್ (ಪರದೆಗೆ ಅಂಟಿಕೊಂಡಿರುವಂತೆ) ಕೊಟ್ಟು, ಎತ್ತರ 100 ಡಿವಿಎಚ್ (ಆ ಹೊತ್ತಿಗೆ ನಿಜವಾಗಿ ಕಾಣುವ ಪರದೆಯ ಪೂರ್ತಿ ಎತ್ತರ) ಮಾಡಿ. 100 ವಿಎಚ್ ಬೇಡ. ಮೊಬೈಲ್‌ನಲ್ಲಿ ಅಡ್ರೆಸ್ ಬಾರ್ ಇರುವಾಗ ಆ ಎತ್ತರ ಪರದೆಗಿಂತ ಹೆಚ್ಚಾಗಿ, ಕೆಳಗಿನ ಬಟನ್ ಮರೆಯಾಗುತ್ತದೆ. ಅಡ್ರೆಸ್ ಬಾರ್ ಉಳಿಯುತ್ತದೆ ನಿಜ, ಆದರೆ ಕ್ವಿಜ್‌ಗೆ ಅದರಿಂದ ತೊಂದರೆ ಇಲ್ಲ.

ಕಪ್ಪು ಹಿನ್ನೆಲೆ ತಪ್ಪು ಅಲ್ಲ. ಫುಲ್ ಸ್ಕ್ರೀನ್ ಆದ ಎಲಿಮೆಂಟ್ ಹಿಂದೆ ಬ್ರೌಸರ್ ಒಂದು ಕಪ್ಪು ಪರದೆ ಹಾಕುತ್ತದೆ, ಅದರ ಹೆಸರು ಬ್ಯಾಕ್‌ಡ್ರಾಪ್. ನಿಮ್ಮ ಬಿಳಿ ಬಣ್ಣ ಇಡೀ ಪೇಜ್‌ನ ಬಾಡಿ ಟ್ಯಾಗ್‌ಗೆ ಇದೆ, ಕ್ವಿಜ್ ಡಿವ್‌ಗೆ ಇಲ್ಲ ಅನ್ನಿಸುತ್ತದೆ. ಡಿವ್‌ಗೇ ಬಣ್ಣ ಕೊಡಿ. ಜೊತೆಗೆ ಓವರ್‌ಫ್ಲೋ ಆಟೋ (ಹೆಚ್ಚಾದದ್ದನ್ನು ಸ್ಕ್ರೋಲ್ ಮಾಡಿ ನೋಡಲು) ಕೊಡಿ, ಇಲ್ಲದಿದ್ದರೆ ಉದ್ದದ ಪ್ರಶ್ನೆಗಳು ಕೆಳಗೆ ಕತ್ತರಿಸಿಹೋಗಬಹುದು. ಪೇಜ್‌ನ ರೂಪ ಬರೆಯುವ ಸಿಎಸ್‌ಎಸ್‌ನಲ್ಲಿ ಫುಲ್‌ಸ್ಕ್ರೀನ್ ಸೆಲೆಕ್ಟರ್ (ನಿಯಮ ಯಾವುದಕ್ಕೆ ಅಂತ ಹೇಳುವ ಭಾಗ) ಮತ್ತು ಅದರ ವೆಬ್‌ಕಿಟ್ ರೂಪವನ್ನು ಕಾಮಾ ಹಾಕಿ ಒಂದೇ ನಿಯಮದಲ್ಲಿ ಸೇರಿಸಬೇಡಿ. ಒಂದು ಅರ್ಥವಾಗದಿದ್ದರೆ ಬ್ರೌಸರ್ ಇಡೀ ನಿಯಮವನ್ನೇ ಬಿಟ್ಟುಬಿಡುತ್ತದೆ. ಬೇರೆ ಬೇರೆಯಾಗಿ ಎರಡು ಸಲ ಬರೆಯಿರಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್, ಬಣ್ಣ ಸರಿಹೋಯಿತು. ಆದರೆ ಅಂಕ ತೋರಿಸುವ ಪಾಪ್‌ಅಪ್ ಫುಲ್ ಸ್ಕ್ರೀನ್‌ನಲ್ಲಿ ಕಾಣುತ್ತಲೇ ಇಲ್ಲ. ಯಾವುದು ಮೇಲೆ ಕಾಣಬೇಕು ಅಂತ ಹೇಳುವ ಝಡ್ ಇಂಡೆಕ್ಸ್ 99999 ಕೊಟ್ಟರೂ ಇಲ್ಲ.

ಉತ್ತರ: ಇನ್ನೂ ದೊಡ್ಡ ಸಂಖ್ಯೆ ಕೊಟ್ಟರೂ ಬರುವುದಿಲ್ಲ. ಫುಲ್ ಸ್ಕ್ರೀನ್ ಎಲಿಮೆಂಟ್ ಪೇಜ್‌ನ ಎಲ್ಲ ಪದರಗಳಿಗಿಂತ ಮೇಲೆ, ಟಾಪ್ ಲೇಯರ್ ಎಂಬ ಕಡೆ ಹೋಗಿ ಕೂರುತ್ತದೆ. ಝಡ್ ಇಂಡೆಕ್ಸ್ ಲೆಕ್ಕ ಅಲ್ಲಿಗೆ ಮುಟ್ಟುವುದಿಲ್ಲ. ನಿಮ್ಮ ಪಾಪ್‌ಅಪ್ ಬಾಡಿಯ ಕೊನೆಯಲ್ಲಿ ಸೇರಿಕೊಳ್ಳುತ್ತಿದೆ ಅಲ್ವಾ? ಅದನ್ನು ಕ್ವಿಜ್ ಡಿವ್ ಒಳಗೇ ಹಾಕಿ. ಲೈಬ್ರರಿ ಅದಕ್ಕೆ ಬಿಡದಿದ್ದರೆ ಡಿವ್ ಬದಲು ಡಾಕ್ಯುಮೆಂಟ್‌ಎಲಿಮೆಂಟನ್ನೇ ಫುಲ್ ಸ್ಕ್ರೀನ್ ಮಾಡಿ, ಆಗ ಪೇಜ್ ಪೂರ್ತಿ ಒಳಗೆ ಬರುತ್ತದೆ. ನನಗೆ ಇಷ್ಟವಾದದ್ದು ಡೈಲಾಗ್ ಟ್ಯಾಗ್. ಶೋಮೋಡಲ್ ಕರೆದರೆ ಅದೂ ಟಾಪ್ ಲೇಯರ್‌ಗೇ ಹೋಗುತ್ತದೆ, ಕೀಬೋರ್ಡ್ ಫೋಕಸ್ ಕೂಡ ಅದೇ ನೋಡಿಕೊಳ್ಳುತ್ತದೆ.

ಇನ್ನೊಬ್ಬ ಸದಸ್ಯರು: ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಎಫ್11 ಒತ್ತಿ ಫುಲ್ ಸ್ಕ್ರೀನ್ ಮಾಡಿದರೆ ನನ್ನ ಬಟನ್ ಮೇಲೆ "ಹೊರಗೆ ಬನ್ನಿ" ಅಂತ ಬರುವುದಿಲ್ಲ. ಎಸ್ಕೇಪ್ ಒತ್ತಿದರೆ ಉಲ್ಟಾ, ಹೊರಗೆ ಬಂದ ಮೇಲೂ ಹಾಗೇ ಉಳಿಯುತ್ತದೆ.

ಉತ್ತರ: ಎರಡಕ್ಕೂ ಕಾರಣ ಬೇರೆ. ಎಫ್11 ಬ್ರೌಸರ್‌ನ ಸ್ವಂತ ಫುಲ್ ಸ್ಕ್ರೀನ್, ನಿಮ್ಮ ಕೋಡ್ ಕೇಳಿದ್ದಲ್ಲ. ಆಗ ಫುಲ್‌ಸ್ಕ್ರೀನ್‌ಎಲಿಮೆಂಟ್ (ಈಗ ಫುಲ್ ಸ್ಕ್ರೀನ್ ಆಗಿರುವುದು ಯಾವುದು ಅಂತ ಹೇಳುವುದು) ಖಾಲಿಯೇ ಇರುತ್ತದೆ, ಎಕ್ಸಿಟ್‌ಫುಲ್‌ಸ್ಕ್ರೀನ್‌ನಿಂದ ಹೊರಗೆ ತರಲೂ ಆಗುವುದಿಲ್ಲ. ಅದನ್ನು ಹಾಗೇ ಬಿಡಿ. ಎಸ್ಕೇಪ್ ತೊಂದರೆ ಮಾತ್ರ ನಿಮ್ಮ ಕೋಡ್‌ನದು. ಬಟನ್ ಒತ್ತಿದಾಗ ಟ್ರೂ, ಫಾಲ್ಸ್ ಅಂತ ನೀವೇ ಬರೆದಿಟ್ಟುಕೊಳ್ಳುತ್ತಿದ್ದೀರಿ ಅನ್ನಿಸುತ್ತದೆ. ಹೊರಬರುವ ದಾರಿ ನಿಮ್ಮ ಬಟನ್ ಒಂದೇ ಅಲ್ಲ, ಬೇರೆ ಪೇಜ್‌ಗೆ ಹೋದರೂ ಹೊರಬರುತ್ತದೆ. ಫುಲ್‌ಸ್ಕ್ರೀನ್‌ಚೇಂಜ್ ಇವೆಂಟ್ ಬಂದಾಗಲೆಲ್ಲ ಫುಲ್‌ಸ್ಕ್ರೀನ್‌ಎಲಿಮೆಂಟ್ ಇದೆಯಾ ನೋಡಿ, ಬಟನ್ ಮೇಲಿನ ಬರಹವನ್ನು ಅಲ್ಲೇ ಬದಲಿಸಿ. ಹಳೆಯ ಸಫಾರಿಗೆ ಇವೆರಡಕ್ಕೂ ವೆಬ್‌ಕಿಟ್ ಹೆಸರು ಬೇಕು, ಇದನ್ನು ಜಾಸ್ತಿ ಜನ ಮರೆಯುತ್ತಾರೆ.

ಪ್ರಶ್ನೆ ಕೇಳಿದವರು: ಕೊನೆಯದಾಗಿ ಒಂದು. ಇದೇ ಕ್ವಿಜ್ ಅನ್ನು ಇನ್ನೊಂದು ಸೈಟ್‌ನಲ್ಲಿ ಐಫ್ರೇಮ್ (ಒಂದು ಪೇಜ್ ಒಳಗೆ ಇನ್ನೊಂದು ಪೇಜ್ ತೋರಿಸುವ ಚೌಕಟ್ಟು) ಒಳಗೆ ಹಾಕಿದರೆ ನಡೆಯುತ್ತದಾ?

ಉತ್ತರ: ನಡೆಯುತ್ತದೆ. ಆ ಸೈಟ್‌ನವರು ಐಫ್ರೇಮ್ ಟ್ಯಾಗ್‌ನಲ್ಲಿ ಅಲೋ ಫುಲ್‌ಸ್ಕ್ರೀನ್ ಅನುಮತಿ ಕೊಟ್ಟಿರಬೇಕು. ಫ್ರೇಮ್ ಒಳಗೆ ಇನ್ನೊಂದು ಫ್ರೇಮ್ ಇದ್ದರೆ ಎರಡಕ್ಕೂ ಬೇಕು.