ಇಎಲ್‌ಎಂ 327 ಅಡಾಪ್ಟರ್‌ಗೆ ಕೈಯಾರೆ ಕಮಾಂಡ್ ಕೊಡುವುದು ಹೇಗೆ? ಪಿಕಪ್ ಗಾಡಿ ಕನೆಕ್ಟ್ ಆಗುತ್ತಿಲ್ಲ

ಮೂಡಿಗೆರೆ_ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ತೋಟದ ಕೆಲಸಕ್ಕೆ 2014ರ ಡೀಸೆಲ್ ಪಿಕಪ್ ಇದೆ, ಟರ್ಬೊ ಇರುವ ಎಂಜಿನ್. ಗೊಬ್ಬರದ ಚೀಲ ಹೇರಿಕೊಂಡು ಏರು ಹತ್ತುವಾಗ ಚೆಕ್ ಎಂಜಿನ್ ಲೈಟ್ ಹತ್ತಿಕೊಳ್ಳುತ್ತದೆ. ಆಮೇಲೆ ಗಾಡಿ ಎಳೆಯುವುದೇ ಇಲ್ಲ. ಕೀ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಹೋಗುತ್ತದೆ. ಸ್ಕ್ಯಾನರ್ ಹಾಕಿಸಿದ ಕಡೆ ಯಾವ ದೋಷದ ಕೋಡ್ ಬಂತು ಅಂತಲೂ ಹೇಳದೆ ಅಳಿಸಿ ಕಳಿಸುತ್ತಾರೆ. ನನಗೆ ಆ ಕೋಡೇ ಬೇಕಾಗಿರುವುದು.

ಅದಕ್ಕೇ ಗಾಡಿಯ ಸಾಕೆಟ್‌ಗೆ ಹಾಕಿ ಫೋನ್‌ನಲ್ಲಿ ಕೋಡ್ ಓದುವ ಇಎಲ್‌ಎಂ 327 ಚಿಪ್‌ನ ಬ್ಲೂಟೂತ್ ಅಡಾಪ್ಟರ್ ತರಿಸಿದೆ. ಫೋನ್ ಜೊತೆ ಜೋಡಿಯಾಗುತ್ತದೆ, ಆದರೆ ಆಪ್‌ನಲ್ಲಿ ಗಾಡಿ ಸಿಗುತ್ತಿಲ್ಲ ಅಂತ ಬರುತ್ತದೆ. ಸೀರಿಯಲ್ ಟರ್ಮಿನಲ್ ಆಪ್ ಹಾಕಿ ಎಟಿ ಝಡ್ ಹೊಡೆದರೆ 'ಇಎಲ್‌ಎಂ 327 ವಿ1.5' ಅಂತ ಉತ್ತರ ಬಂತು. ಅಂದರೆ ಚಿಪ್ ಬದುಕಿದೆ ಅಲ್ವಾ? ಆದರೆ ಗಾಡಿಯನ್ನು ಮಾತಾಡಿಸುವ 01 00 ಕೊಟ್ಟರೆ ಒಮ್ಮೆ 'ಬಸ್ ಇನಿಟ್: ಎರರ್', ಒಮ್ಮೆ 'ಅನೇಬಲ್ ಟು ಕನೆಕ್ಟ್'. ನಾಲ್ಕೈದು ಕಮಾಂಡ್ ಒಟ್ಟಿಗೆ ಪೇಸ್ಟ್ ಮಾಡಿದರೆ 'ಸ್ಟಾಪ್ಡ್'. ಯಾವುದನ್ನು ಯಾವ ಕ್ರಮದಲ್ಲಿ ಕೊಡಬೇಕು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಆಲ್ದೂರು_ಹುಡುಗ:

ವಿ1.5 ಅಂದರೆ ನಕಲಿ ಚಿಪ್ ಅಣ್ಣ. ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ 1.4ಬಿ ಆದ ಮೇಲೆ ಸೀದಾ 2.0 ತಂದಿದ್ದು, 1.5 ಅನ್ನುವುದನ್ನು ಅವರು ಮಾಡಲೇ ಇಲ್ಲ. ವಾಪಸ್ ಕಳಿಸಿ ಬೇರೆ ತಗೊಳ್ಳಿ.

ಹಾಸನ_ವೈರಿಂಗ್:

ವಾಪಸ್ ಕಳಿಸಬೇಡಿ, ಸ್ವಲ್ಪ ತಡೆಯಿರಿ. ನಾನು ಹಾಸನದಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುತ್ತೇನೆ. ನಕಲಿ ಅನ್ನುವುದು ನಿಜ. ಆ ಕಂಪನಿ 2022ರಲ್ಲಿ ಬಾಗಿಲು ಹಾಕಿತು, ಈಗ ಪೇಟೆಯಲ್ಲಿ ಅಗ್ಗಕ್ಕೆ ಸಿಗುವುದೆಲ್ಲ ಹೆಚ್ಚುಕಮ್ಮಿ ನಕಲೇ. ಆದರೆ ಕೋಡ್ ಓದುವಷ್ಟು ಕೆಲಸಕ್ಕೆ ಬಹಳಷ್ಟು ನಕಲಿ ಚಿಪ್ ಸಾಕಾಗುತ್ತವೆ. ನಿಮ್ಮ ಚಿಪ್ ಉತ್ತರ ಕೊಡುತ್ತಿದೆ. ಅದಕ್ಕೆ ಗಾಡಿಯ ಭಾಷೆ ಯಾವುದು ಅಂತ ನಾವು ಹೇಳಿಕೊಡಬೇಕು, ಅಷ್ಟೇ.

ಮೊದಲು ಟಾರ್ಚ್ ಹಿಡಿದು ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್ ಒಳಗೆ ನೋಡಿ. ಅಗಲ ಇರುವ ಸಾಲು ಮೇಲೆ ಬರುವ ಹಾಗೆ ನೋಡಿದರೆ ಮೇಲಿನ ಸಾಲಿನಲ್ಲಿ ಎಡದಿಂದ 1ರಿಂದ 8, ಕೆಳಗೆ 9ರಿಂದ 16. ತಾಮ್ರದ ಬಣ್ಣದ ತಗಡು ಯಾವ ತೂತಿನಲ್ಲಿ ಇದೆ, ಯಾವುದು ಖಾಲಿ ಅಂತ ಗುರುತು ಹಾಕಿಕೊಳ್ಳಿ. 6 ಮತ್ತು 14 ಇದ್ದರೆ ಕ್ಯಾನ್ (ಗಾಡಿಯ ಕಂಪ್ಯೂಟರ್‌ಗಳು ಎರಡು ತಂತಿಯಲ್ಲಿ ಮಾತಾಡುವ ಹೊಸ ಪದ್ಧತಿ) ಇರುವ ಸಾಧ್ಯತೆ ಜಾಸ್ತಿ. ಅವೆರಡೂ ಖಾಲಿ, 7 ಮಾತ್ರ ಇದೆ ಅಂದರೆ ಕೆ-ಲೈನ್ ಗಾಡಿ, ಅಂದರೆ ಒಂದೇ ತಂತಿಯ ಹಳೆಯ ಪದ್ಧತಿ. ಎಷ್ಟೋ ಜನ ಇದನ್ನು ನೋಡದೆ ಆಪ್ ಮೇಲೆ ಆಪ್ ಬದಲಾಯಿಸುತ್ತಾ ಕೂರುತ್ತಾರೆ, ನೋಡಿದರೆ ಬೇಜಾರಾಗುತ್ತದೆ.

'ಸ್ಟಾಪ್ಡ್' ಯಾಕೆ ಅಂದರೆ, ಚಿಪ್ ಕೆಲಸದಲ್ಲಿ ಇರುವಾಗ ಫೋನ್‌ನಿಂದ ಒಂದೇ ಒಂದು ಅಕ್ಷರ ಬಂದರೂ ಅದು ಕೈಲಿರುವ ಕೆಲಸ ಬಿಟ್ಟುಬಿಡುತ್ತದೆ. ಒಂದು ಕಮಾಂಡ್ ಕೊಡಿ, > ಗುರುತು ಬರುವ ತನಕ ಕಾಯಿರಿ, ಆಮೇಲೆ ಇನ್ನೊಂದು. ಪೇಸ್ಟ್ ಬೇಡವೇ ಬೇಡ. ಟರ್ಮಿನಲ್ ಆಪ್‌ನ ಸೆಟ್ಟಿಂಗ್‌ನಲ್ಲಿ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ (ಸಿಆರ್, ಕಮಾಂಡ್ ಮುಗಿಯಿತು ಅನ್ನುವ ಗುರುತು) ಹೋಗುವ ಹಾಗೆ ಇಡಿ. ಬರೀ ಲೈನ್‌ಫೀಡ್ ಹೋದರೆ ಚಿಪ್ ಅದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ, 20 ಸೆಕೆಂಡಿನಷ್ಟು ಕಾದು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಸುಮ್ಮನಾಗುತ್ತದೆ.

ಈಗ ಕ್ರಮ. (ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ. ದೊಡ್ಡಕ್ಷರ ಚಿಕ್ಕಕ್ಷರ ಯಾವುದಾದರೂ ಆಗುತ್ತದೆ, ನಡುವಿನ ಜಾಗವೂ ಲೆಕ್ಕಕ್ಕಿಲ್ಲ.) ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಬೇಡ.

ಎಟಿ ಝಡ್ ಕೊಟ್ಟರೆ ಚಿಪ್ ಹೊಸದಾಗಿ ಶುರುವಾಗುತ್ತದೆ. ಎಟಿ ಇ0 ಕೊಟ್ಟರೆ ನೀವು ಹೊಡೆದಿದ್ದನ್ನೇ ಅದು ಮತ್ತೆ ತೋರಿಸುವುದು ನಿಲ್ಲುತ್ತದೆ. ಎಟಿ ಆರ್‌ವಿ ಕೊಟ್ಟು ಬ್ಯಾಟರಿ ವೋಲ್ಟೇಜ್ ನೋಡಿ. 12ಕ್ಕಿಂತ ಕೆಳಗೆ ತೋರಿಸಿದರೆ ಮೊದಲು ಬ್ಯಾಟರಿಗೆ ಮೀಟರ್ ಇಟ್ಟು ನೋಡಿ, ಮುಂದಿನದು ಆಮೇಲೆ. ಚಿಪ್ಪೇ ತಪ್ಪು ಅಳೆಯುತ್ತಿದ್ದರೆ ಅದನ್ನೂ ಸರಿ ಮಾಡಬಹುದು. ಮೀಟರ್‌ನಲ್ಲಿ 12.47 ಬಂದರೆ ಎಟಿ ಸಿವಿ 1247 ಅಂತ ಕೊಡಿ.

ಮುಖ್ಯವಾದದ್ದು ಇಲ್ಲಿದೆ. ಎಟಿ ಎಸ್‌ಪಿ 0 ಅಂದರೆ ಪ್ರೊಟೊಕಾಲ್ (ಗಾಡಿಯ ಭಾಷೆ) ನೀನೇ ಹುಡುಕು ಅಂತ. ಆಪ್‌ಗಳು ಸಾಮಾನ್ಯವಾಗಿ ಇದನ್ನೇ ಕೊಡುತ್ತವೆ. ಕೆ-ಲೈನ್ ಗಾಡಿಯಲ್ಲಿ ನಕಲಿ ಚಿಪ್‌ಗಳು ಈ ಹುಡುಕಾಟದಲ್ಲೇ ಎಡವುವುದು ಜಾಸ್ತಿ. ಹಾಗಾಗಿ ನೀವೇ ಹೇಳಿ: ಎಟಿ ಎಸ್‌ಪಿ 5. ಇದು ಕೆ-ಲೈನ್ ಮೇಲೆ ಮಾತಾಡುವ ಕೆಡಬ್ಲ್ಯುಪಿ ಅನ್ನುವ ಭಾಷೆ, ಗಾಡಿಯ ಕಂಪ್ಯೂಟರನ್ನು ಬೇಗ ಎಬ್ಬಿಸುವ ವಿಧಾನ. ಆಮೇಲೆ 01 00. ಆಗಲಿಲ್ಲ ಅಂದರೆ ಕೀ ಆಫ್ ಮಾಡಿ ಸ್ವಲ್ಪ ಬಿಟ್ಟು ಆನ್ ಮಾಡಿ, ಎಟಿ ಎಸ್‌ಪಿ 4 ಕೊಡಿ. ಇದು ಅದೇ ಭಾಷೆ, ನಿಧಾನ ಎಬ್ಬಿಸುವುದು. ಉತ್ತರಕ್ಕೆ ಎರಡು ಮೂರು ಸೆಕೆಂಡ್ ಹಿಡಿಯುತ್ತದೆ, ಅವಸರ ಬೇಡ. ಅದೂ ಇಲ್ಲ ಅಂದರೆ 3. ಕ್ಯಾನ್ ಪಿನ್ ಇದ್ದರೆ ಮಾತ್ರ 6.

ಗಾಡಿ ಉತ್ತರ ಕೊಟ್ಟರೆ 41 00 ಅಂತ ಶುರುವಾಗುತ್ತದೆ. ಬಂದ ತಕ್ಷಣ 03 ಕೊಡಿ, ಕೋಡ್ ಬರುತ್ತದೆ. 04 ಮಾತ್ರ ಕೊಡಬೇಡಿ. ಅದು ಕೋಡ್ ಜೊತೆಗೆ ಆ ಕ್ಷಣದ ರೀಡಿಂಗ್‌ಗಳನ್ನೂ ಅಳಿಸಿಹಾಕುತ್ತದೆ. ನಿಮಗೆ ಸ್ಕ್ಯಾನರ್ ಹಾಕಿದವರು ಮಾಡಿದ್ದು ಅದೇ. ನನಗೆ ಇದು ಸರಿ ಕಾಣುವುದಿಲ್ಲ, ಗಾಡಿ ಯಜಮಾನರಿಗೆ ಕೋಡ್ ಬರೆದು ಕೊಡಬೇಕು.

ಮೂಡಿಗೆರೆ_ತೋಟ:

ಬಂತು ಸರ್! ಸಾಕೆಟ್‌ನಲ್ಲಿ 6, 14 ಖಾಲಿ. 7ರಲ್ಲಿ ಪಿನ್ ಇದೆ. ಎಸ್‌ಪಿ 5 ಕೊಟ್ಟು 01 00 ಹೊಡೆದ ಕೂಡಲೇ 41 00 ಬಂತು. ಖುಷಿಗೆ 01 0ಸಿ ಕೂಡ ಹೊಡೆದು ನೋಡಿದೆ, ಎಂಜಿನ್ ಐಡ್ಲಿಂಗ್‌ನಲ್ಲಿ 41 0ಸಿ 0ಸಿ 80.

03ಕ್ಕೆ ಬಂದದ್ದು: 43 02 99 00 00 00 00. ಇದನ್ನು ಓದುವುದು ಹೇಗೆ?

ಹಾಸನ_ವೈರಿಂಗ್:

ಬಹಳ ಸಂತೋಷ. 0ಸಿ 80 ಅಂದರೆ ಹೆಕ್ಸ್ (16ರ ಮೂಲದ) ಲೆಕ್ಕದಲ್ಲಿ 3200, ಅದನ್ನು 4ರಿಂದ ಭಾಗಿಸಿ. 800 ಆರ್‌ಪಿಎಂ, ಐಡ್ಲಿಂಗ್ ಚೆನ್ನಾಗಿದೆ.

43 ಅನ್ನುವುದು 03ಕ್ಕೆ ಉತ್ತರ ಅನ್ನುವ ಗುರುತು. ಆಮೇಲಿನ ಎರಡೆರಡು ಜೊತೆ ಸೇರಿ ಒಂದು ಕೋಡ್. 02 99 ಅಂದರೆ ಪಿ0299. ಉಳಿದ ಸೊನ್ನೆಗಳು ಖಾಲಿ ಜಾಗ. ಪಿ0299 ಅಂದರೆ ಟರ್ಬೊ ಒತ್ತಡ ಬೇಕಾದಷ್ಟು ಏರುತ್ತಿಲ್ಲ. ಲೋಡ್‌ನಲ್ಲಿ ಏರು ಹತ್ತುವಾಗಲೇ ಯಾಕೆ ಬರುತ್ತದೆ ಅಂತ ಈಗ ಗೊತ್ತಾಯಿತಲ್ವಾ?

ಟರ್ಬೊ ಹೋಯಿತು ಅಂತ ಯಾರಾದರೂ ಹೇಳಿದರೆ ಕೂಡಲೇ ದುಡ್ಡು ಬಿಚ್ಚಬೇಡಿ. ಟರ್ಬೊದಿಂದ ಇಂಟರ್‌ಕೂಲರ್‌ಗೆ (ಬಿಸಿ ಗಾಳಿ ತಣಿಸುವ ಭಾಗ), ಅಲ್ಲಿಂದ ಎಂಜಿನ್‌ಗೆ ಹೋಗುವ ದಪ್ಪ ರಬ್ಬರ್ ಹೋಸ್‌ಗಳನ್ನು ಮೊದಲು ನೋಡಿ. ಕ್ಲಿಪ್ ಹತ್ತಿರ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿಕೊಂಡಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ಹೋಸ್‌ನ ಕೆಳಭಾಗಕ್ಕೆ ಕೈ ಹಾಕಿ ತಡವಿ, ಸೀಳು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ.

01 0ಬಿ ಕೂಡ ನೋಡಿ. ಮ್ಯಾನಿಫೋಲ್ಡ್ ಒತ್ತಡ, ಅಂದರೆ ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ, ನೇರ ಕಿಲೊಪ್ಯಾಸ್ಕಲ್‌ನಲ್ಲಿ ಬರುತ್ತದೆ. ಎಂಜಿನ್ ಆಫ್ ಇದ್ದು ಕೀ ಆನ್ ಇದ್ದಾಗ ನಿಮ್ಮ ಮೂಡಿಗೆರೆ ಎತ್ತರಕ್ಕೆ 90ರ ಆಸುಪಾಸು ಇರಬೇಕು, ಹೆಕ್ಸ್‌ನಲ್ಲಿ 5ಎ. ಏರು ಹತ್ತುವಾಗ ಅದಕ್ಕಿಂತ ತುಂಬಾ ಮೇಲೆ ಹೋಗಬೇಕು. ಹೋಗದಿದ್ದರೆ ಸೋರಿಕೆ ಗ್ಯಾರಂಟಿ ಅನ್ನಲಾರೆ, ಆದರೆ ಕೋಡ್ ಹೇಳುತ್ತಿರುವುದು ನಿಜ ಅನ್ನುವುದು ಖಾತ್ರಿ. ಓಡಿಸುವಾಗ ಫೋನ್ ಪಕ್ಕದಲ್ಲಿ ಕೂತವರ ಕೈಗೆ ಕೊಡಿ, ಆ ತಿರುವುಗಳಲ್ಲಿ ನೀವು ನೋಡಬೇಡಿ.

ಮೂಡಿಗೆರೆ_ತೋಟ:

ಇಂಟರ್‌ಕೂಲರ್ ಕಡೆಯ ಹೋಸ್ ಕೆಳಗೆ ಬೆರಳಿಗೆ ಸೀಳು ಸಿಕ್ಕಿತು ಸರ್, ಸುತ್ತ ಪೂರಾ ಜಿಡ್ಡು. ನಾಳೆ ಹೊಸದು ತರುತ್ತೇನೆ. ಇನ್ನೊಂದು ಪ್ರಶ್ನೆ. ಮನೆಯಲ್ಲಿ ಕ್ಯಾನ್ ಇರುವ ಕಾರೂ ಇದೆ. ಪ್ರತಿ ಸಲ ಎಸ್‌ಪಿ ಬದಲಾಯಿಸಬೇಕಾ?

ಹಾಸನ_ವೈರಿಂಗ್:

ಬೇಡ. ಎಟಿ ಎಸ್‌ಪಿ ಎ5 ಅಂತ ಕೊಡಿ. ಮೊದಲು 5 ನೋಡುತ್ತದೆ, ಆಗದಿದ್ದರೆ ತಾನೇ ಹುಡುಕುತ್ತದೆ. ಯಾವುದು ಸಿಕ್ಕಿತು ಅಂತ ತಿಳಿಯಲು ಎಟಿ ಡಿಪಿ. ಕೆಲಸ ಮುಗಿದ ಮೇಲೆ ಅಡಾಪ್ಟರ್ ಕಿತ್ತಿಡಿ. 16ನೇ ಪಿನ್‌ಗೆ ಕೀ ತೆಗೆದರೂ ಕರೆಂಟ್ ಇರುತ್ತದೆ. ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ಶೆಡ್‌ನಲ್ಲಿ ನಿಂತರೆ ಬ್ಯಾಟರಿ ಇಳಿದುಹೋಗುತ್ತದೆ. ಹೋಸ್ ಹಾಕಿದ ಮೇಲೆ 04 ಕೊಟ್ಟು ಅಳಿಸಿ, ಲೋಡ್ ಹಾಕಿ ಒಂದು ಏರು ಹತ್ತಿಸಿ, ಮತ್ತೆ 03 ಹೊಡೆದು ಬಂದದ್ದನ್ನು ಇಲ್ಲೇ ಹಾಕಿ.