ಮಸೀದಿ ಲೆಕ್ಕ ಕೇಳಿದ್ರೆ ಅನುಮಾನ ಪಟ್ಟಂಗಾ?

ಪ್ರಶ್ನೆ:
ಅಸ್ಸಲಾಮು ಅಲೈಕುಮ್. ನಮ್ಮ ಮಸೀದಿಲಿ ಲೆಕ್ಕ ಅಂದ್ರೆ ವರ್ಷಕ್ಕೊಂದ್ಸಲ ಖಜಾಂಚಿ ಎದ್ದು ಇಷ್ಟು ಬಂತು ಇಷ್ಟು ಖರ್ಚಾಯ್ತು ಅಂತ ಓದಿ ಕೂತ್ಕೊಳ್ಳೋದು ಅಷ್ಟೇ, ಕಾಗದ ಯಾರ ಕೈಗೂ ಸಿಗಲ್ಲ. ಝಕಾತ್ (ಉಳ್ಳವ್ರು ಕೊಡ್ಲೇಬೇಕಾದ ದಾನ) ಎಷ್ಟು ಬಂತು, ಎಲ್ಲಿಗೆ ಹೋಯ್ತು ಅಂತ ಕೇಳ್ದೆ. "ಅಲ್ಲಾಹನ ಮನೆ ದುಡ್ಡು ಯಾರಪ್ಪಾ ತಿಂತಾರೆ" ಅಂದ್ಬಿಟ್ರು, ಮಾತು ಅಲ್ಲಿಗೇ ನಿಂತೋಯ್ತು. ಖಜಾಂಚಿ ಮೇಲೆ ನಂಗೆ ಅನುಮಾನ ಇಲ್ಲ, ಒಳ್ಳೇ ಮನುಷ್ಯ. ಜಗಳ ಆಗ್ದಂಗೆ ಇದನ್ನ ಹೆಂಗೆ ಸರಿ ಮಾಡೋದು?

ಉತ್ತರ 1:
ವಅಲೈಕುಮ್ ಅಸ್ಸಲಾಮ್ ಭಾಯ್. ಕುರ್‌ಆನಿನ ಅತಿ ಉದ್ದದ ಆಯತ್ (ವಚನ) ಸೂರಾ ಅಲ್-ಬಕರ 282, ಸಾಲ ಕೊಟ್ರೆ ಬರೆದಿಡಿ ಸಾಕ್ಷಿ ಇಟ್ಕೊಳ್ಳಿ ಅನ್ನೋದೇ ಅದ್ರ ವಿಷ್ಯ. ಝಕಾತ್ ವಸೂಲಿಗೆ ಹೋಗಿದ್ದ ಇಬ್ನುಲ್ ಲುತ್‌ಬಿಯ್ಯ ವಾಪಸ್ ಬಂದು ಇದು ನಿಮ್ದು, ಇದು ನಂಗೆ ಬಂದ ಗಿಫ್ಟ್ ಅಂದಾಗ, ಮನೇಲೇ ಕೂತಿದ್ರೆ ಅದು ಬರ್ತಿತ್ತಾ ಅಂತ ಪ್ರವಾದಿಯವರು (ಸ) ಕೇಳಿದ್ದು ಬುಖಾರಿ ಹದೀಸ್ (ಪ್ರವಾದಿಯವರ ನಡೆ-ನುಡಿ) ಸಂಗ್ರಹದಲ್ಲಿದೆ. ಅನುಮಾನ ಎಲ್ಲಿಂದ ಬಂತು ಇದ್ರಲ್ಲಿ?

ಉತ್ತರ 2:
ಸರಿ, ಆದ್ರೆ ಮೀಟಿಂಗಲ್ಲಿ ನೀವೊಂದು ಹದೀಸ್ ಹೇಳಿದ್ರೆ ಅವ್ರೊಂದು ಹೇಳ್ತಾರೆ :) ಪದ್ಧತಿ ಬದಲಾಯಿಸೋಕೆ ನೋಡಿ. ಜುಮಾ (ಶುಕ್ರವಾರ) ಚಂದಾ ಡಬ್ಬಿನ ನಮಾಜ್ ಆದ್ಮೇಲೆ ಅಲ್ಲೇ ಮೂರು ಜನ ಕೂತು ಎಣಿಸಿ ಮೂವರೂ ಸೈನ್ ಹಾಕ್ಬೇಕು, ಯಾರ ಮನೆಗೂ ಹೋಗ್ಬಾರ್ದು, ಆಮೇಲೆ ಬಂದ ಕ್ಯಾಶ್ ಪೂರ್ತಿ ಬ್ಯಾಂಕಿಗೆ ಹೋಗ್ಬೇಕು, ಯಾಕಂದ್ರೆ ಕೈಲಿರೋ ಕ್ಯಾಶಲ್ಲೇ ಕರೆಂಟ್ ಬಿಲ್ ಕಟ್ಟಿ ಮಿಕ್ಕಿದ್ದು ಜಮಾ ಮಾಡಿದ್ರೆ ಎಷ್ಟು ಬಂತು ಅನ್ನೋದು ಯಾವ ಆಡಿಟರ್‌ಗೂ ಗೊತ್ತಾಗಲ್ಲ. ರಸೀದಿಗೆ ನಂಬರ್, ಚೆಕ್ಕಿಗೆ ಇಬ್ಬರ ಸೈನ್, ಇದೆಲ್ಲಾ ಮಾಮೂಲಿ. ನಾಳೆ ಯಾರಾದ್ರೂ ಏನಾದ್ರೂ ಅಂದ್ರೆ ಆ ಖಜಾಂಚಿನ ಕಾಪಾಡೋದೂ ಇದೇ ಕಾಗದ, ಅವ್ರಿಗೆ ಹಂಗೇ ಹೇಳಿ.

ನಿಜವಾದ ತೊಂದ್ರೆ ಝಕಾತ್‌ದು. ಅದು ಯಾರಿಗೆ ಹೋಗ್ಬೇಕು ಅಂತ ಕುರ್‌ಆನಿನ ಸೂರಾ ತೌಬಾ 60ರಲ್ಲಿ 8 ವರ್ಗದವ್ರನ್ನ ಹೇಳಿದೆ, ಮಸೀದಿ ಕಟ್ಟೋಕೆ ಪೇಂಟಿಗೆ ಅದನ್ನ ಬಳಸೋದನ್ನ ಹೆಚ್ಚಿನ ಉಲಮಾಗಳು (ಧರ್ಮ ವಿದ್ವಾಂಸರು) ಒಪ್ಪಲ್ಲ. ಚಂದಾ ಜೊತೆ ಒಂದೇ ಅಕೌಂಟಲ್ಲಿ ಬೆರೆಸಿಟ್ರೆ ಯಾವ್ದು ಯಾವ್ದಕ್ಕೆ ಹೋಯ್ತು ಅಂತ ಖಜಾಂಚಿಗೇ ಗೊತ್ತಿರಲ್ಲ, ಕದಿಯೋರು ಬೇಕಾಗಿಲ್ಲ. ಬೇರೆ ಅಕೌಂಟ್ ಮಾಡ್ಸಿ, ಮೊದ್ಲು ಇದೊಂದನ್ನೇ ಕೇಳಿ.

ಪ್ರಶ್ನೆ ಕೇಳಿದವರು:
ಆದ್ರೆ ಝಕಾತ್ ಲೆಕ್ಕ ಮಸೀದಿ ನೋಟಿಸ್ ಬೋರ್ಡಿಗೆ ಹಾಕಿದ್ರೆ ತಗೊಂಡವ್ರ ಮರ್ಯಾದೆ?

ಉತ್ತರ 2:
ಹೆಸರು ಯಾಕೆ ಹಾಕ್ತೀರಿ, ಎಷ್ಟು ಕುಟುಂಬ, ಒಟ್ಟು ಎಷ್ಟು, ಎಷ್ಟು ಉಳಿದಿದೆ ಅಷ್ಟು ಸಾಕು. ಹೆಸರಿರೋ ಪಟ್ಟಿನ ಕಮಿಟಿಯ ಇಬ್ಬರು ಮತ್ತೆ ಆಡಿಟರ್ ನೋಡಿದ್ರೆ ಆಯ್ತು.